ಪರದೆಯ ಅಂದ: ಹೊಂದಿಸುವುದು, ಹಂಚುವುದು

ಈ ಸಂಚಿಕೆಗೆ ಆರಿಸಿದ ಪ್ರಶ್ನೆಗಳೆಲ್ಲ ಕಂಪ್ಯೂಟರಿನ ಡೆಸ್ಕ್‌ಟಾಪ್ ಅಲಂಕಾರಕ್ಕೆ ಸಂಬಂಧಿಸಿದವು. ಬಹಳಷ್ಟು ಓದುಗರ ತೊಂದರೆ ಒಂದೇ ಬಗೆಯದು: ತಮ್ಮ ಯಂತ್ರದಲ್ಲಿ ಚೆನ್ನಾಗಿ ಕಾಣುವುದು ಇನ್ನೊಬ್ಬರ ಯಂತ್ರಕ್ಕೆ ಹೋದ ಕೂಡಲೇ ಕೆಡುತ್ತದೆ. ನಾವು ನೋಡುವ ಪರದೆ ಒಂದೇ ಆದರೂ ಅದರ ಹಿಂದೆ ಇರುವ ಫೈಲುಗಳು ಹತ್ತಾರು, ಅವು ಇರುವ ಜಾಗಗಳೂ ಬೇರೆ ಬೇರೆ. ಯಾವುದು ಎಲ್ಲಿದೆ ಎಂದು ತಿಳಿದರೆ ಹಂಚುವುದು ಕಷ್ಟವಲ್ಲ.

ಪ್ರಶ್ನೆ: ವಿಂಡೋಸ್ 11ರಲ್ಲಿ ಮಳೆಗಾಲದ ಮಲೆನಾಡಿನ 15 ಫೋಟೊಗಳು ಅರ್ಧ ಗಂಟೆಗೊಮ್ಮೆ ಬದಲಾಗುವಂತೆ ಮಾಡಿ, ಬಣ್ಣ, ಮೌಸ್ ಬಾಣ, ಶಬ್ದ ಎಲ್ಲವನ್ನೂ ಹೊಂದಿಸಿದ್ದೇನೆ. ಥೀಮ್ ಫೈಲನ್ನು ಪುಣೆಯಲ್ಲಿರುವ ತಮ್ಮನಿಗೆ ಕಳಿಸಿದರೆ ಅವನಲ್ಲಿ ಬಣ್ಣ ಮಾತ್ರ ಬಂತು, ಫೋಟೊ ಒಂದೂ ಬರಲಿಲ್ಲ. ಯಾಕೆ?
— ಶಿರಸಿಯ ಓದುಗರು

ಉತ್ತರ: ನೀವು ಕಳಿಸಿರುವುದು ಹೆಸರಿನ ಕೊನೆಗೆ '.ಥೀಮ್' ಎಂದಿರುವ ಫೈಲ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಕೆಲವೇ ಕಿಲೋಬೈಟ್‌ಗಳ ಬರಹ ಕಾಣುತ್ತದೆ. ಫೋಟೊಗಳು ಅದರೊಳಗೆ ಇಲ್ಲ. ಅವು ನಿಮ್ಮ ಕಂಪ್ಯೂಟರಿನ ಯಾವ ಫೋಲ್ಡರಿನಲ್ಲಿವೆ ಎಂಬ ವಿಳಾಸ ಮಾತ್ರ ಇದೆ. ತಮ್ಮನ ಯಂತ್ರದಲ್ಲಿ ಆ ವಿಳಾಸವೇ ಇಲ್ಲದ್ದರಿಂದ ಬಣ್ಣದ ಸಂಖ್ಯೆಗಳಷ್ಟೇ ಕೆಲಸ ಮಾಡಿವೆ.

ಕಳಿಸಬೇಕಾದದ್ದು '.ಡೆಸ್ಕ್‌ಥೀಮ್‌ಪ್ಯಾಕ್' ಎಂಬ ಕಟ್ಟು. ವಿಂಡೋಸ್ ಕೀ ಜೊತೆ 'ಐ' ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ಪರ್ಸನಲೈಸೇಶನ್, ಅದರೊಳಗೆ ಥೀಮ್ಸ್. ಮೊದಲು 'ಸೇವ್' ಒತ್ತಿ ಈಗಿನ ಹೊಂದಿಕೆಗೆ ಒಂದು ಹೆಸರು ಕೊಡಿ. ಕೆಳಗಿನ ಥೀಮ್‌ಗಳ ಸಾಲಿನಲ್ಲಿ ಆ ಹೆಸರು ಕಾಣಿಸಿಕೊಂಡ ಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಹಂಚಿಕೊಳ್ಳಲು ಉಳಿಸುವ 'ಶೇರಿಂಗ್' ಆಯ್ಕೆಯನ್ನು ಒತ್ತಿ. ಹೆಸರಿಟ್ಟು ಉಳಿಸದ ಥೀಮ್‌ಗೆ ಈ ಆಯ್ಕೆ ಬರುವುದಿಲ್ಲ. ಎಷ್ಟೋ ಜನ ಎಡವುವುದು ಈ ಮೊದಲ ಹೆಜ್ಜೆಯಲ್ಲೇ. ಹೀಗೆ ಸಿಕ್ಕ ಫೈಲಿನೊಳಗೆ ಫೋಟೊಗಳೂ ಇರುತ್ತವೆ. ತಮ್ಮ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು.

ಕಳಿಸುವ ಮುನ್ನ ಗಾತ್ರ ನೋಡಿ. ಮೊಬೈಲಿನ ಫೋಟೊ ಒಂದೊಂದೂ 4–5 ಎಂಬಿ ಇದ್ದರೆ 15 ಸೇರಿ 60–75 ಎಂಬಿ ಆಗುತ್ತದೆ. ಜಿಮೇಲ್‌ನ ಮಿತಿ 25 ಎಂಬಿ. ತಮ್ಮನ ಪರದೆ 1920×1080 ಆಗಿದ್ದರೆ ಅದಕ್ಕಿಂತ ದೊಡ್ಡ ಚಿತ್ರದಿಂದ ಅವನಿಗೆ ಲಾಭವೂ ಇಲ್ಲ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ 'ಪವರ್‌ಟಾಯ್ಸ್' ಹಾಕಿಕೊಂಡರೆ ಅದರಲ್ಲಿರುವ 'ಇಮೇಜ್ ರೀಸೈಜರ್' 15 ಫೋಟೊಗಳನ್ನೂ ಒಂದೇ ಸಲಕ್ಕೆ ಕಿರಿದು ಮಾಡುತ್ತದೆ. ಕಿರಿದಾದ ಪ್ರತಿಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಸ್ಲೈಡ್‌ಶೋಗೆ ಆ ಫೋಲ್ಡರನ್ನೇ ತೋರಿಸಿ, ಆಮೇಲೆ ಥೀಮ್ ಉಳಿಸಿ.

ಇನ್ನೊಂದು ಎಚ್ಚರ. ಮೊಬೈಲಿನಲ್ಲಿ ತೆಗೆದ ಫೋಟೊದೊಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶ ಅಡಗಿರಬಹುದು. ತಮ್ಮನಿಗಾದರೆ ಚಿಂತೆಯಿಲ್ಲ, ಊರಿಗೆಲ್ಲ ಹಂಚುವುದಾದರೆ ಮನೆಯಂಗಳದ ಚಿತ್ರ ಮನೆಯ ವಿಳಾಸವನ್ನೇ ಹೇಳಿಬಿಡುತ್ತದೆ. ಫೋಟೊಗಳನ್ನು ಆರಿಸಿ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದರೆ ಕೆಳಗೆ ಖಾಸಗಿ ಮಾಹಿತಿ ತೆಗೆದುಹಾಕುವ ಕೊಂಡಿ ಇದೆ.

ಈ ಕಟ್ಟಿನಲ್ಲಿ ಹೋಗದೆ ಉಳಿಯುವುದೂ ಇದೆ: ಟಾಸ್ಕ್‌ಬಾರ್‌ಗೆ ಅಂಟಿಸಿದ ಪ್ರೋಗ್ರಾಮ್‌ಗಳು, ಐಕಾನ್‌ಗಳನ್ನು ಜೋಡಿಸಿದ ಕ್ರಮ, ಬೇರೆ ತಂತ್ರಾಂಶದಿಂದ ಹಾಕಿದ ಗಡಿಯಾರ, ನೀವು ಸೇರಿಸಿದ ಫಾಂಟ್‌ಗಳು. ಇವನ್ನು ನಿಮ್ಮ ತಮ್ಮನೇ ಕೈಯಾರೆ ಮಾಡಿಕೊಳ್ಳಬೇಕು. ಅವನ ವಿಂಡೋಸ್ ಆ್ಯಕ್ಟಿವೇಟ್ ಆಗಿರದಿದ್ದರೆ ಪರ್ಸನಲೈಸೇಶನ್‌ನ ಆಯ್ಕೆಗಳು ಮಸುಕಾಗಿ, ಒತ್ತಲು ಬಾರದಂತೆ ಇರುತ್ತವೆ. ಆಗ ಮೊದಲು ಅದನ್ನು ಸರಿಪಡಿಸಬೇಕು.

ಪ್ರಶ್ನೆ: ಜೋಗದ ಫೋಟೊ ಮೊಬೈಲಿನಲ್ಲಿ ಅದ್ಭುತವಾಗಿದೆ. ಲ್ಯಾಪ್‌ಟಾಪಿಗೆ ವಾಲ್‌ಪೇಪರ್ ಮಾಡಿದರೆ ಜಲಪಾತದ ತಲೆ ಕತ್ತರಿಸಿಹೋಗುತ್ತದೆ, ಜೊತೆಗೆ ಮಸುಕು.
— ಸಾಗರದ ಓದುಗರು

ಉತ್ತರ: ಎರಡಕ್ಕೂ ಕಾರಣ ಬೇರೆ. ತಲೆ ಕತ್ತರಿಸುವುದು ಆಕಾರದ ವ್ಯತ್ಯಾಸದಿಂದ. ಮೊಬೈಲ್ ಕ್ಯಾಮೆರಾ ಸಾಮಾನ್ಯವಾಗಿ 4:3 ಅನುಪಾತದಲ್ಲಿ ತೆಗೆಯುತ್ತದೆ, 12 ಮೆಗಾಪಿಕ್ಸೆಲ್ ಎಂದರೆ 4000×3000. ಲ್ಯಾಪ್‌ಟಾಪ್ ಪರದೆಗಳು ಹೆಚ್ಚಾಗಿ 16:9, ಇತ್ತೀಚಿನ ಕೆಲವು 16:10. ಅಡ್ಡಗಲ 4000 ಇರುವ ಚಿತ್ರ 16:9ಕ್ಕೆ ಹೊಂದಬೇಕಾದರೆ ಎತ್ತರ 2250 ಆಗಬೇಕು. ಉಳಿದ 750 ಸಾಲುಗಳನ್ನು 'ಫಿಲ್' ಆಯ್ಕೆ ಮೇಲಿಂದಲೂ ಕೆಳಗಿಂದಲೂ ಕತ್ತರಿಸಿ ಎಸೆಯುತ್ತದೆ. ಎಲ್ಲಿ ಕತ್ತರಿಸಬೇಕೆಂದು ವಿಂಡೋಸ್‌ಗೆ ಬಿಡಬೇಡಿ. 'ಫೋಟೋಸ್' ಆ್ಯಪ್‌ನ ಕ್ರಾಪ್‌ನಲ್ಲಿ 16:9 ಆರಿಸಿ, ಚೌಕಟ್ಟನ್ನು ಮೇಲಕ್ಕೆ ಸರಿಸಿ, ಕೆಳಗಿನ ಬಂಡೆಗಳನ್ನು ಬಿಟ್ಟುಕೊಡಿ. 'ಫಿಟ್' ಹಾಕಿದರೆ ಪೂರ್ತಿ ಚಿತ್ರ ಬರುತ್ತದೆ, ಎಡಬಲದಲ್ಲಿ ಖಾಲಿ ಪಟ್ಟಿ ಉಳಿಯುತ್ತದೆ. 'ಸ್ಟ್ರೆಚ್' ಯಾವ ಫೋಟೊಗೂ ಬೇಡ, ಎಳೆದು ವಿಕಾರ ಮಾಡುತ್ತದೆ. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ಚಿತ್ರ ಡೆಸ್ಕ್‌ಟಾಪಿಗೆ ಒಗ್ಗುವುದಿಲ್ಲ. ಜಲಪಾತದಂಥ ಎತ್ತರದ ವಸ್ತುವಿಗೆ ದೂರದಿಂದ ಅಡ್ಡ ಹಿಡಿದು ತೆಗೆದದ್ದೇ ಬೇಕು.

ಮಸುಕಿಗೆ ಮೊದಲ ಶಂಕಿತ ವಾಟ್ಸ್‌ಆ್ಯಪ್. ಚಿತ್ರವಾಗಿ ಕಳಿಸಿದರೆ ಸಾಮಾನ್ಯ ಗುಣಮಟ್ಟದಲ್ಲಿ ಉದ್ದನೆಯ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಅದನ್ನು 1920ಕ್ಕೆ ಹಿಗ್ಗಿಸಿದಾಗ ನೀರಿನ ಎಳೆಗಳು ಅಳಿಸಿಹೋಗುತ್ತವೆ. ಮೊಬೈಲಿನಿಂದ ಯುಎಸ್‌ಬಿ ಕೇಬಲ್‌ನಲ್ಲಿ ತೆಗೆದುಕೊಳ್ಳಿ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲೇ 'ಡಾಕ್ಯುಮೆಂಟ್' ಆಗಿ ಕಳಿಸಿ. ಎರಡನೆಯ ಶಂಕಿತ ವಿಂಡೋಸ್. ಜೆಪೆಗ್ ವಾಲ್‌ಪೇಪರನ್ನು ಅದು ಹಾಗೆಯೇ ತೋರಿಸುವುದಿಲ್ಲ. ಗುಣಮಟ್ಟವನ್ನು 85ಕ್ಕೆ ಇಳಿಸಿ ಇನ್ನೊಂದು ಪ್ರತಿ ಮಾಡಿಕೊಂಡು ಅದನ್ನು ತೋರಿಸುತ್ತದೆ. ಎಲೆ, ಹುಲ್ಲು, ನೀರಿರುವ ಚಿತ್ರದಲ್ಲಿ ಇದು ಅಷ್ಟಾಗಿ ಕಾಣದು. ಮಂಜು, ಸಂಜೆಯ ಆಕಾಶದಂಥ ನುಣುಪಾದ ಬಣ್ಣದಲ್ಲಿ ಪಟ್ಟಿ ಪಟ್ಟಿಯಾಗಿ ಎದ್ದು ಕಾಣುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಈಗಿನ ಬಳಕೆದಾರರ 'ಕಂಟ್ರೋಲ್ ಪ್ಯಾನೆಲ್', ಅದರೊಳಗಿನ 'ಡೆಸ್ಕ್‌ಟಾಪ್' ವಿಭಾಗದಲ್ಲಿ 'ಜೆಪೆಗ್‌ಇಂಪೋರ್ಟ್‌ಕ್ವಾಲಿಟಿ' ಎಂಬ 32 ಬಿಟ್ ಡಿವರ್ಡ್ (ಸಂಖ್ಯೆಯ ನಮೂದು) ಸೇರಿಸಿ, ಡೆಸಿಮಲ್ ಆರಿಸಿ 100 ಕೊಟ್ಟರೆ ಈ ಇಳಿಕೆ ನಿಲ್ಲುತ್ತದೆ. ಸೈನ್‌ಔಟ್ ಆಗಿ ಮತ್ತೆ ಬಂದು ವಾಲ್‌ಪೇಪರನ್ನು ಹೊಸದಾಗಿ ಹಾಕಬೇಕು, ಹಳೆಯ ಪ್ರತಿ ತಾನಾಗಿ ಬದಲಾಗುವುದಿಲ್ಲ. ರಿಜಿಸ್ಟ್ರಿಯಲ್ಲಿ ಕೈಯಾಡಿಸಿ ರೂಢಿಯಿಲ್ಲದವರು ಇದನ್ನು ಬಿಟ್ಟು ಮೊದಲ ಕಾರಣವನ್ನಷ್ಟೇ ಸರಿಪಡಿಸಿದರೂ ಮುಕ್ಕಾಲು ಪಾಲು ಮಸುಕು ಹೋಗುತ್ತದೆ.

ಪ್ರಶ್ನೆ: ಡೆಸ್ಕ್‌ಟಾಪ್ ಮೇಲೆ ಗಡಿಯಾರದಂಥವನ್ನು ತೋರಿಸುವ 'ರೇನ್‌ಮೀಟರ್' ತಂತ್ರಾಂಶ ಬಳಸಿ ವಾರ, ತಾರೀಖು ಕನ್ನಡದಲ್ಲಿ ಬರುವಂತೆ ಮಾಡಬೇಕು. ನಾನು ಕನ್ನಡದಲ್ಲಿ ಬರೆದದ್ದೆಲ್ಲ ಅರ್ಥವಾಗದ ಗುರುತುಗಳಾಗಿ ಕಾಣುತ್ತಿದೆ. ಗೆಳೆಯರಿಗೂ ಹಂಚುವ ಆಸೆಯಿದೆ.
— ದಾವಣಗೆರೆಯ ಇಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದೀರಿ. ಕನ್ನಡದ ಸ್ಕಿನ್‌ಗಳು (ರೇನ್‌ಮೀಟರ್ ತೋರಿಸುವ ಅಲಂಕಾರಗಳು) ಇನ್ನಷ್ಟು ಬೇಕು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಗುರುತುಗಳು ಕೆಡುವುದು ಫೈಲ್ ಉಳಿಸಿದ ರೀತಿಯಿಂದ. ರೇನ್‌ಮೀಟರ್‌ನ ಸ್ಕಿನ್ ಎಂದರೆ '.ಐಎನ್‌ಐ' ಎಂಬ ಬರಹದ ಫೈಲ್. ಅದರಲ್ಲಿ ಕನ್ನಡದ ಒಂದೇ ಒಂದು ಅಕ್ಷರವಿದ್ದರೂ ಅದನ್ನು 'ಯುಟಿಎಫ್-16 ಎಲ್‌ಇ' ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಫೈಲಿನಲ್ಲಿ ಸಂಕೇತವಾಗಿ ಬರೆದಿಡುವ ಬಗೆ) ಉಳಿಸಬೇಕು. ನೋಟ್‌ಪ್ಯಾಡ್ ಈಗ ತಾನಾಗಿ ಉಳಿಸುವುದು ಯುಟಿಎಫ್-8ರಲ್ಲಿ. ಆದ್ದರಿಂದ 'ಸೇವ್ ಆ್ಯಸ್' ಕೊಟ್ಟು, ಕೆಳಗಿನ ಎನ್‌ಕೋಡಿಂಗ್ ಪೆಟ್ಟಿಗೆಯಲ್ಲಿ ಯುಟಿಎಫ್-16 ಎಲ್‌ಇ ಆರಿಸಿ, ಅದೇ ಹೆಸರಿಗೆ ಉಳಿಸಿ. ಬಳಿಕ ಸ್ಕಿನ್ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಫ್ರೆಶ್' ಒತ್ತಿ.

ವಾರದ ಹೆಸರುಗಳನ್ನು ನೀವೇ ಟೈಪ್ ಮಾಡಬೇಕಿಲ್ಲ, ವಿಂಡೋಸ್ ಬಳಿ ಅವು ಇವೆ. ಸ್ಕಿನ್‌ನಲ್ಲಿ ಮಾಹಿತಿ ತರುವ ಭಾಗಕ್ಕೆ 'ಮೆಷರ್', ಅದನ್ನು ತೋರಿಸುವ ಭಾಗಕ್ಕೆ 'ಮೀಟರ್' ಎನ್ನುತ್ತಾರೆ. ಸಮಯವನ್ನು ಓದುವ 'ಟೈಮ್' ಮೆಷರ್‌ನಲ್ಲಿ 'ಫಾರ್ಮ್ಯಾಟ್‌ಲೊಕೇಲ್' ಎಂಬ ಸಾಲು ಸೇರಿಸಿ, ಅದಕ್ಕೆ ಕನ್ನಡ–ಭಾರತದ ಗುರುತಾದ 'ಕೆಎನ್-ಐಎನ್' ಕೊಡಿ. 'ಫಾರ್ಮ್ಯಾಟ್' ಸಾಲಿನಲ್ಲಿ ಶೇಕಡಾ ಚಿಹ್ನೆಯ ಮುಂದೆ ದೊಡ್ಡ 'ಎ' ಇಟ್ಟರೆ ಪೂರ್ತಿ ವಾರದ ಹೆಸರು, ದೊಡ್ಡ 'ಬಿ' ಇಟ್ಟರೆ ತಿಂಗಳ ಹೆಸರು, ಸಣ್ಣ 'ಡಿ' ಇಟ್ಟರೆ ತಾರೀಖು. ತಾರೀಖು 01, 02, 03 ಎಂದು ಇಂಗ್ಲಿಷ್ ಅಂಕಿಗಳಲ್ಲೇ ಬರುತ್ತದೆ. ಕನ್ನಡ ಅಂಕಿ ಬೇಕಿದ್ದರೆ ಅದೇ ಮೆಷರ್‌ನಲ್ಲಿ 'ಸಬ್‌ಸ್ಟಿಟ್ಯೂಟ್' ಸಾಲು ಬರೆದು ಸಮ ಚಿಹ್ನೆಯ ಮುಂದೆ ಹೀಗೆ ಕೊಡಿ:

"0":"೦","1":"೧","2":"೨","3":"೩","4":"೪","5":"೫","6":"೬","7":"೭","8":"೮","9":"೯"

ಇಲ್ಲಿ ಉದ್ಧರಣ ಚಿಹ್ನೆಗಳು ನೆಟ್ಟಗಿರಬೇಕು. ವರ್ಡ್‌ನಂಥ ತಂತ್ರಾಂಶದಲ್ಲಿ ಬರೆದು ಅಂಟಿಸಿದರೆ ಅವು ಬಾಗಿದ ಚಿಹ್ನೆಗಳಾಗಿ ಇಡೀ ಸಾಲು ಕೆಲಸ ಮಾಡುವುದಿಲ್ಲ.

ತೋರಿಸುವ ಕೆಲಸ 'ಸ್ಟ್ರಿಂಗ್' ಮೀಟರ್‌ನದು. ಅದರ 'ಫಾಂಟ್‌ಫೇಸ್' ಸಾಲಿಗೆ ಕನ್ನಡ ಬಲ್ಲ ಫಾಂಟಿನ ಹೆಸರು ಕೊಡಿ. ವಿಂಡೋಸ್ 8ರಿಂದೀಚೆಗೆ 'ನಿರ್ಮಲಾ ಯುಐ', ಎಕ್ಸ್‌ಪಿ ಕಾಲದಿಂದ 'ತುಂಗಾ' ಇವೆ. 'ಆ್ಯಂಟಿಏಲಿಯಾಸ್' 1 ಇರಲಿ, ಇಲ್ಲದಿದ್ದರೆ ಒತ್ತಕ್ಷರಗಳ ಅಂಚು ಗರಗಸದಂತೆ ಕಾಣುತ್ತದೆ. ಅಕ್ಷರದ ಗಾತ್ರ ತೀರ ಚಿಕ್ಕದಿದ್ದರೆ 'ಕ್ಕ', 'ತ್ತ'ಗಳ ಒತ್ತು ಕಲಸಿಹೋಗುತ್ತದೆ. ವಾರಕ್ಕೆ 28, ತಿಂಗಳಿಗೆ 18ರಷ್ಟು ಇಟ್ಟು ನೋಡಿ, ಅಲ್ಲಿಂದ ನಿಮ್ಮ ಪರದೆಗೆ ತಕ್ಕಂತೆ ಬದಲಿಸಿ. ಒತ್ತಿನ ಕೆಳತುದಿ ಕತ್ತರಿಸಿಹೋದರೆ ಮೀಟರ್‌ಗೆ ನೀವು ಕೊಟ್ಟಿರುವ ಎತ್ತರದ ಸಾಲನ್ನು ಅಳಿಸಿ, ಅದು ತಾನೇ ಅಳತೆ ಮಾಡಿಕೊಳ್ಳುತ್ತದೆ. ಇಂಗ್ಲಿಷ್ ಸ್ಕಿನ್ ಒಂದನ್ನು ಕನ್ನಡಕ್ಕೆ ತಿರುಗಿಸುವವರಿಗೆ ಈ ತೊಂದರೆ ಎದುರಾಗುವುದು ಹೆಚ್ಚು, ಏಕೆಂದರೆ ಮೂಲದವರು ಕೆಳಗೆ ಒತ್ತು ಬರಬಹುದೆಂದು ಜಾಗ ಬಿಟ್ಟಿರುವುದಿಲ್ಲ.

ನುಡಿ, ಬರಹಗಳ ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ಗಳನ್ನು ಇಲ್ಲಿ ಬಳಸಬೇಡಿ. ಅವುಗಳಲ್ಲಿ ಕನ್ನಡದ ಆಕೃತಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿರುತ್ತವೆ. ವಿಂಡೋಸ್ ಕೊಡುವ 'ಶುಕ್ರವಾರ' ಯೂನಿಕೋಡ್‌ನದು, ಆ ಫಾಂಟಿಗೆ ಅದರ ಗುರುತೇ ಸಿಗುವುದಿಲ್ಲ.

ಹಂಚಲು: ನಿಮ್ಮ ಸ್ಕಿನ್ ಫೋಲ್ಡರಿನೊಳಗೆ '@' ಚಿಹ್ನೆಯಿಂದ ಶುರುವಾಗುವ 'ರಿಸೋರ್ಸಸ್' ಫೋಲ್ಡರ್, ಅದರೊಳಗೆ 'ಫಾಂಟ್ಸ್' ಫೋಲ್ಡರ್ ಮಾಡಿ ಫಾಂಟ್ ಫೈಲನ್ನು ಅಲ್ಲಿಡಿ. ಗೆಳೆಯರು ಫಾಂಟನ್ನು ಬೇರೆಯಾಗಿ ಹಾಕಿಕೊಳ್ಳುವ ಅಗತ್ಯವೇ ಇರುವುದಿಲ್ಲ. 'ಫಾಂಟ್‌ಫೇಸ್'ನಲ್ಲಿ ಫೈಲಿನ ಹೆಸರಲ್ಲ, ಫಾಂಟಿನ ಕುಟುಂಬದ ಹೆಸರು ಬರೆಯಬೇಕು. ನಿರ್ಮಲಾ, ತುಂಗಾ ಮೈಕ್ರೋಸಾಫ್ಟಿನವು, ಅವನ್ನು ಕಟ್ಟಿಗೆ ಸೇರಿಸಬಾರದು. 'ನೋಟೊ ಸ್ಯಾನ್ಸ್ ಕನ್ನಡ', 'ಬಲೂ ತಮ್ಮ 2' ಎರಡೂ ಓಪನ್ ಫಾಂಟ್ ಲೈಸೆನ್ಸ್‌ನವು, ಲೈಸೆನ್ಸ್ ಫೈಲನ್ನೂ ಜೊತೆಗಿಟ್ಟು ಸೇರಿಸಬಹುದು. ಗಡಿಯಾರಕ್ಕೆ 'ಬಲೂ ತಮ್ಮ' ತುಂಬ ಚೆನ್ನಾಗಿ ಒಪ್ಪುತ್ತದೆ, ಅದರ ಉಬ್ಬಿದ ಅಕ್ಷರಗಳು ಯಾವ ಫೋಟೊದ ಮೇಲೂ ಓದಲು ಸಿಗುತ್ತವೆ. ಎಲ್ಲ ಸಿದ್ಧವಾದ ಮೇಲೆ ರೇನ್‌ಮೀಟರ್‌ನ 'ಮ್ಯಾನೇಜ್' ಕಿಟಕಿಯಲ್ಲಿರುವ ಪ್ಯಾಕೇಜ್ ಮಾಡುವ ಗುಂಡಿ ಒತ್ತಿದರೆ '.ಆರ್‌ಎಂಸ್ಕಿನ್' ಫೈಲ್ ಸಿಗುತ್ತದೆ.

ಬೇರೆಯವರ ಆರ್‌ಎಂಸ್ಕಿನ್ ಹಾಕಿಕೊಳ್ಳುವಾಗ ಒಂದು ಮಾತು. ಅದರೊಳಗೆ ಚಿತ್ರ, ಬರಹದ ಜೊತೆ ಪ್ಲಗಿನ್ ಕೂಡ ಬರಬಹುದು, ಅದು ಓಡುವ ಪ್ರೋಗ್ರಾಮ್. ಹಾಕುವಾಗ ಬರುವ ಕಿಟಕಿಯಲ್ಲಿ ಪ್ಲಗಿನ್ ಇದೆಯೇ ಎಂದು ನೋಡಿ, ಬರೀ ಗಡಿಯಾರಕ್ಕೆ ಅದು ಯಾಕೆ ಬೇಕು ಎಂದು ಯೋಚಿಸಿ ಮುಂದುವರಿಯಿರಿ.

ಪ್ರಶ್ನೆ: ಲಿನಕ್ಸ್ ಮಿಂಟ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ವಾರ, ತಾರೀಖು ತೋರಿಸುವ 'ಕಾಂಕಿ' ಹಾಕಿದ್ದೇನೆ. 'ಶುಕ್ರವಾರ' ಎಂಬುದು 'ಶುಕ್‌ರವಾರ' ಎಂಬಂತೆ ಒಡೆದು ಬರುತ್ತದೆ. ಫಾಂಟ್ ಬದಲಿಸಿದರೂ ಅದೇ ಕಥೆ.
— ಉಡುಪಿಯ ಓದುಗರು

ಉತ್ತರ: ಫಾಂಟಿನ ತಪ್ಪಲ್ಲ. ಕಾಂಕಿ ಲಿನಕ್ಸ್‌ನ ಎಕ್ಸ್11 ಎಂಬ ಪರದೆ ವ್ಯವಸ್ಥೆಯಲ್ಲಿ ಅಕ್ಷರಗಳನ್ನು ಬರೆಯುವುದು 'ಎಕ್ಸ್‌ಎಫ್‌ಟಿ' ಎಂಬ ಹಳೆಯ ಲೈಬ್ರರಿಯ (ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ತಂತ್ರಾಂಶದ) ಮೂಲಕ. ಅದು ಸಂಕೇತಗಳನ್ನು ಒಂದರ ಪಕ್ಕ ಒಂದರಂತೆ ಇಡುತ್ತದೆಯೇ ಹೊರತು, ಕ, ವಿರಾಮ, ರ ಮೂರೂ ಸೇರಿ 'ಕ್ರ' ಆಗಬೇಕೆಂಬ ಲೆಕ್ಕ ಮಾಡುವುದಿಲ್ಲ. ಯಾವ ಫಾಂಟ್ ಹಾಕಿದರೂ ಫಲ ಅಷ್ಟೇ. ನಿಮ್ಮ ಮಿಂಟ್‌ನ ಡೆಸ್ಕ್‌ಟಾಪ್ 'ಸಿನಮನ್' ಆಗಿದ್ದರೆ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಗಡಿಯಾರದ 'ಡೆಸ್ಕ್‌ಲೆಟ್' (ಡೆಸ್ಕ್‌ಟಾಪ್ ಮೇಲೆ ಕೂರುವ ಪುಟ್ಟ ಪ್ರೋಗ್ರಾಮ್) ಹಾಕಿಕೊಳ್ಳಿ. ಅದು ಅಕ್ಷರಗಳನ್ನು ಜೋಡಿಸಬಲ್ಲ 'ಪ್ಯಾಂಗೊ' ಲೈಬ್ರರಿ ಬಳಸುವುದರಿಂದ ಒತ್ತಕ್ಷರ ಸರಿಯಾಗಿ ಬರುತ್ತದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಸಮಯದ ರೂಪಕ್ಕೆ ಕನ್ನಡ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ಕಾಂಕಿಯೇ ಬೇಕೆಂದರೆ ಏಳು ವಾರಗಳ ಹೆಸರನ್ನು ಪಾರದರ್ಶಕ ಹಿನ್ನೆಲೆಯ ಏಳು ಪಿಎನ್‌ಜಿ ಚಿತ್ರಗಳಾಗಿ ಮಾಡಿಟ್ಟು, ದಿನಕ್ಕೆ ತಕ್ಕ ಚಿತ್ರ ತೋರಿಸುವಂತೆ 'ಇಫ್ ಮ್ಯಾಚ್' ಷರತ್ತು ಬರೆಯಬೇಕು. ಫಾಂಟಿಗಾಗಿ, ಡೆಬಿಯನ್ ಭಂಡಾರದಲ್ಲಿ 'ಗುಬ್ಬಿ' ಮತ್ತು ಕೈಬರಹದ ಶೈಲಿಯ 'ನವಿಲು' ಎರಡೂ ಸಿಗುತ್ತವೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಹುಡುಕಿ. ಚಿತ್ರ ಮಾಡಲು ನವಿಲು ಸೊಗಸು.

ಪ್ರಶ್ನೆ: ಅಂತರ್ಜಾಲದಲ್ಲಿ ಕಂಡ ಲಿನಕ್ಸ್ ಡೆಸ್ಕ್‌ಟಾಪಿನ ಚಿತ್ರ ಇಷ್ಟವಾಗಿ ಅದರ ಥೀಮ್ ಇಳಿಸಿಕೊಂಡೆ. ಅರ್ಧ ಬದಲಾಯಿತು, ಅರ್ಧ ಹಾಗೇ ಉಳಿಯಿತು. ಚಿತ್ರದಲ್ಲಿದ್ದ ಹಾಗೆ ಬರಲು ಏನು ಮಾಡಬೇಕು?
— ಬೆಂಗಳೂರಿನ ಓದುಗರು (ಇದೇ ಅರ್ಥದ ಪತ್ರಗಳು ಇನ್ನೂ ಕೆಲವು ಬಂದಿವೆ)

ಉತ್ತರ: ಚಿತ್ರ ಹಾಕಿದವರು 'ಥೀಮ್ ಇಂಥದು' ಎಂದಷ್ಟೇ ಬರೆದಿದ್ದರೆ ಅದು ಸಾಲದು. ಲಿನಕ್ಸ್‌ನಲ್ಲಿ ನೋಟವನ್ನು ತೀರ್ಮಾನಿಸುವವು ಹಲವು: ಡೆಸ್ಕ್‌ಟಾಪ್ ಯಾವುದು (ಎಕ್ಸ್‌ಎಫ್‌ಸಿಇ, ಗ್ನೋಮ್, ಕೆಡಿಇ ಪ್ಲಾಸ್ಮಾ ಇತ್ಯಾದಿ) ಮತ್ತು ಅದರ ಆವೃತ್ತಿ, ಕಿಟಕಿಯೊಳಗಿನ ಶೈಲಿ, ಕಿಟಕಿಯ ಅಂಚು, ಬಣ್ಣಗಳ ಪಟ್ಟಿ, ಐಕಾನ್, ಬಾಣ, ಫಾಂಟ್ ಮತ್ತು ಗಾತ್ರ, ಪ್ಯಾನೆಲ್ ಜೋಡಣೆ, ವಾಲ್‌ಪೇಪರ್. ಇಷ್ಟನ್ನೂ ಅವರನ್ನೇ ಕೇಳಿ. ನೀವು ಹಂಚುವಾಗಲೂ ಇಷ್ಟನ್ನೂ ಬರೆಯಿರಿ.

ಎಕ್ಸ್‌ಎಫ್‌ಸಿಇ ಇದ್ದರೆ ಅರ್ಧ ಬದಲಾಗುವುದಕ್ಕೆ ಸಾಮಾನ್ಯ ಕಾರಣ ಎರಡು ಕಡೆ ಆರಿಸಬೇಕೆಂದು ಗೊತ್ತಿಲ್ಲದಿರುವುದು. 'ಅಪಿಯರೆನ್ಸ್'ನಲ್ಲಿ ಆರಿಸಿದ ಶೈಲಿ ಕಿಟಕಿಯ ಒಳಗನ್ನು ಬದಲಿಸುತ್ತದೆ. ಅಂಚು ಮತ್ತು ಗುಂಡಿಗಳಿಗೆ 'ವಿಂಡೋ ಮ್ಯಾನೇಜರ್' ಸೆಟ್ಟಿಂಗ್‌ನಲ್ಲಿ ಅದೇ ಹೆಸರನ್ನು ಮತ್ತೆ ಆರಿಸಬೇಕು. ಪ್ಯಾನೆಲ್‌ಗೆ 'ಪ್ಯಾನೆಲ್ ಪ್ರೊಫೈಲ್ಸ್' ಎಂಬ ಚಿಕ್ಕ ಉಪಕರಣವಿದೆ. ಅದು ಪ್ಯಾನೆಲ್ ಜೋಡಣೆಯನ್ನು ಒಂದೇ ಫೈಲಾಗಿ ಹೊರತೆಗೆದು, ಇನ್ನೊಂದು ಯಂತ್ರದಲ್ಲಿ ಒಳಸೇರಿಸುತ್ತದೆ. ಹಂಚುವುದಕ್ಕೆ ನಮ್ಮ ದೃಷ್ಟಿಯಲ್ಲಿ ಎಕ್ಸ್‌ಎಫ್‌ಸಿಇಯೇ ಅತ್ಯಂತ ಸುಲಭ, ಆವೃತ್ತಿ ಬದಲಾದರೂ ಹಳೆಯ ಥೀಮ್ ಬೇಗ ಕೆಡುವುದಿಲ್ಲ.

ಗ್ನೋಮ್‌ನಲ್ಲಿ ಕಥೆ ಬೇರೆ. 2022ರ ಗ್ನೋಮ್ 42ರಿಂದ ಅದರ ಸ್ವಂತ ಆ್ಯಪ್‌ಗಳು ನೋಟವನ್ನು ನಿರ್ಧರಿಸುವ 'ಲಿಬ್‌ಅದ್ವೈತ' ಎಂಬ ಲೈಬ್ರರಿ ಬಳಸತೊಡಗಿದವು. ಇವು ಹೊರಗಿನ ಥೀಮ್‌ಗಳನ್ನು ಲೆಕ್ಕಿಸುವುದಿಲ್ಲ, ಬೇಕೆಂದೇ ಹಾಗೆ ರೂಪಿಸಲಾಗಿದೆ. ಆದ್ದರಿಂದ ಹಳೆಯ ಆ್ಯಪ್‌ಗಳು ಬದಲಾಗಿ ಫೈಲ್ಸ್, ಸೆಟ್ಟಿಂಗ್ಸ್ ಹಾಗೇ ಉಳಿಯುತ್ತವೆ. ಮೇಲಿನ ಪಟ್ಟಿಯ ನೋಟ ಬದಲಿಸಲು 'ಯೂಸರ್ ಥೀಮ್ಸ್' ಎಕ್ಸ್‌ಟೆನ್ಶನ್ (ಹೆಚ್ಚುವರಿಯಾಗಿ ಸೇರಿಸುವ ಪುಟ್ಟ ಪ್ರೋಗ್ರಾಮ್) ಬೇಕು, ಎಕ್ಸ್‌ಟೆನ್ಶನ್‌ಗಳು ನಿಮ್ಮ ಗ್ನೋಮ್ ಆವೃತ್ತಿಗೆ ಹೊಂದಬೇಕು. 2023ರ ಗ್ನೋಮ್ 45ರಲ್ಲಿ ಎಕ್ಸ್‌ಟೆನ್ಶನ್ ಬರೆಯುವ ವಿಧಾನವೇ ಬದಲಾಗಿ, ಹಿಂದಿನವನ್ನೆಲ್ಲ ತಿದ್ದಿ ಬರೆಯಬೇಕಾಯಿತು. 44ರ ಚಿತ್ರ ನೋಡಿ 46ರಲ್ಲಿ ಅದನ್ನೇ ಮಾಡಹೊರಟರೆ ಸಿಗದಿರುವುದು ಸಹಜ. ಬಣ್ಣವಷ್ಟೇ ಬೇಕಿದ್ದರೆ ಗ್ನೋಮ್ 47ರಿಂದ 'ಆ್ಯಕ್ಸೆಂಟ್ ಕಲರ್' ಸೆಟ್ಟಿಂಗ್ಸ್‌ನಲ್ಲೇ ಇದೆ. ಯಾವ ಥೀಮೂ ಬೇಡ.

ಕೆಡಿಇ ಪ್ಲಾಸ್ಮಾದಲ್ಲಿ 'ಗ್ಲೋಬಲ್ ಥೀಮ್' ಎಲ್ಲವನ್ನೂ ಒಟ್ಟಿಗೆ ತರುತ್ತದೆ. ಹಾಕುವಾಗ ನೋಟ ಮಾತ್ರವೇ, ಪ್ಯಾನೆಲ್ ಜೋಡಣೆಯೂ ಬೇಕೇ ಎಂದು ಕೇಳುತ್ತದೆ. ಜೋಡಣೆಯ ಗುರುತು ಹಾಕಿದರೆ ನೀವು ಮಾಡಿಟ್ಟ ಪ್ಯಾನೆಲ್ ಅಳಿಸಿಹೋಗುತ್ತದೆ. ಮೊದಲ ಸಲ ನೋಟ ಮಾತ್ರ ಆರಿಸಿ. ಪ್ಲಾಸ್ಮಾ 5ಕ್ಕಾಗಿ ಮಾಡಿದ ಗ್ಲೋಬಲ್ ಥೀಮ್ 2024ರ ಫೆಬ್ರುವರಿಯಲ್ಲಿ ಬಂದ ಪ್ಲಾಸ್ಮಾ 6ರಲ್ಲಿ ಹೊಂದುವುದಿಲ್ಲ.

ಇಲ್ಲಿ ಗಂಭೀರವಾದ ಒಂದು ವಿಷಯವನ್ನು ಹೇಳಲೇಬೇಕು. ಗ್ಲೋಬಲ್ ಥೀಮ್ ಬರಿಯ ಚಿತ್ರಗಳ ಕಟ್ಟಲ್ಲ, ಅದರೊಳಗೆ ಓಡುವ ಆದೇಶಗಳೂ ಇರಬಹುದು. 2024ರ ಮಾರ್ಚಿನಲ್ಲಿ ಹೊರಗಿನವರು ಮಾಡಿದ ಇಂಥ ಒಂದು ಥೀಮ್ ಹಾಕಿಕೊಂಡ ಬಳಕೆದಾರರೊಬ್ಬರ ಫೈಲುಗಳೇ ಅಳಿಸಿಹೋದವು, ಕೆಡಿಇ ತಂಡ ಎಲ್ಲರಿಗೂ ಎಚ್ಚರಿಕೆ ಕೊಟ್ಟಿತು. ಅದು ದುರುದ್ದೇಶವಲ್ಲ, ಬರೆದವರ ಅಜಾಗ್ರತೆ. ಆದರೆ ಹೋದ ಫೈಲು ಹೋದದ್ದೇ. ಬ್ಯಾಕಪ್ ಇಲ್ಲದ ಯಂತ್ರದಲ್ಲಿ ಗೊತ್ತಿಲ್ಲದ ಗ್ಲೋಬಲ್ ಥೀಮ್ ಹಾಕಬೇಡಿ. ಬಣ್ಣದ ಪಟ್ಟಿ, ಐಕಾನ್, ವಾಲ್‌ಪೇಪರ್‌ಗಳನ್ನು ಬಿಡಿಬಿಡಿಯಾಗಿ ಹಾಕಿಕೊಂಡರೂ ನೋಟದ ಬಹುಪಾಲು ಬಂದೇ ಬರುತ್ತದೆ, ಅಪಾಯ ಬಹಳ ಕಡಿಮೆ.

ನಿಮ್ಮದನ್ನು ಹಂಚುವಾಗ ಮನೆ ಫೋಲ್ಡರಿನಲ್ಲಿ ಸೆಟ್ಟಿಂಗ್‌ಗಳಿರುವ '.ಕಾನ್ಫಿಗ್' ಅನ್ನು ಇಡಿಯಾಗಿ ಕಟ್ಟಿ ಕಳಿಸುವವರಿದ್ದಾರೆ. ಖಂಡಿತ ಬೇಡ. ಕ್ರೋಮಿಯಂನಂಥ ಬ್ರೌಸರಿನ ಕುಕಿಗಳು, ಲಾಗಿನ್ ಗುರುತುಗಳು ಅದೇ ಫೋಲ್ಡರಿನಲ್ಲಿ ಕೂತಿರುತ್ತವೆ. ನೋಟಕ್ಕೆ ಬೇಕಾದ ಫೈಲುಗಳನ್ನು ಒಂದೊಂದಾಗಿ ಹೊಸ ಫೋಲ್ಡರಿಗೆ ನಕಲಿಸಿ, ಪ್ರತಿಯೊಂದನ್ನೂ ತೆರೆದು ನಿಮ್ಮ ಬಳಕೆದಾರ ಹೆಸರಿರುವ ವಿಳಾಸಗಳಿವೆಯೇ ನೋಡಿ. ಅವು ಇದ್ದರೆ ಪಡೆದವರಲ್ಲಿ ಕೆಲಸ ಮಾಡುವುದಿಲ್ಲ, ನಿಮ್ಮ ಗುಟ್ಟೂ ಹೊರಬೀಳುತ್ತದೆ. ಫೈಲುಗಳ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುವ ಗಿಟ್‌ನಲ್ಲಿ ಹಾಕುವವರಿಗೆ ನೆನಪಿರಲಿ: ಗುಪ್ತಪದವಿದ್ದ ಫೈಲನ್ನು ಆಮೇಲೆ ಅಳಿಸಿದರೂ ಹಳೆಯ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ. ಗುಪ್ತಪದವನ್ನೇ ಬದಲಿಸಬೇಕು.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಲ್ಯಾಬ್‌ನಲ್ಲಿ 20 ಕಂಪ್ಯೂಟರುಗಳಿವೆ. ಮಕ್ಕಳು ದಿನಕ್ಕೊಂದು ವಾಲ್‌ಪೇಪರ್ ಹಾಕುತ್ತಾರೆ. ಶಾಲೆಯ ಚಿತ್ರವೇ ಎಲ್ಲದರಲ್ಲೂ ಇರುವಂತೆ ಮಾಡಬಹುದೆ?
— ಹಾವೇರಿ ಜಿಲ್ಲೆಯ ಶಿಕ್ಷಕರು

ಉತ್ತರ: ಮಾಡಬಹುದು, ವಿಂಡೋಸ್ 'ಪ್ರೊ' ಅಥವಾ 'ಎಜುಕೇಶನ್' ಆಗಿರಬೇಕು. 'ಹೋಮ್'ನಲ್ಲಿ ಇದಕ್ಕೆ ಬೇಕಾದ, ಯಂತ್ರದ ನಿಯಮಗಳನ್ನು ಹೊಂದಿಸುವ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ. ಚಿತ್ರವನ್ನು ಪ್ರತಿ ಯಂತ್ರದಲ್ಲೂ ಒಂದೇ ಜಾಗದಲ್ಲಿ, ಒಂದೇ ಹೆಸರಿನಲ್ಲಿ ಇಡಿ. 'ಪಬ್ಲಿಕ್' ಬಳಕೆದಾರರ 'ಪಿಕ್ಚರ್ಸ್' ಫೋಲ್ಡರ್ ಸೂಕ್ತ, ಎಲ್ಲ ಖಾತೆಗಳಿಗೂ ಕಾಣುತ್ತದೆ. ಪಾಲಿಸಿ ಎಡಿಟರ್‌ನಲ್ಲಿ ಯೂಸರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಡೆಸ್ಕ್‌ಟಾಪ್, ಅದರೊಳಗೆ ಮತ್ತೆ ಡೆಸ್ಕ್‌ಟಾಪ್. ಅಲ್ಲಿ 'ಡೆಸ್ಕ್‌ಟಾಪ್ ವಾಲ್‌ಪೇಪರ್' ತೆರೆದು 'ಎನೇಬಲ್ಡ್' ಮಾಡಿ, ಚಿತ್ರದ ಪೂರ್ತಿ ವಿಳಾಸ ಬರೆದು, ಶೈಲಿ 'ಫಿಲ್' ಇಡಿ. ಲಾಗ್‌ಔಟ್ ಆಗಿ ಬಂದರೆ ಜಾರಿಗೆ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ ಎಂಬ ಸೂಚನೆ ಬಂದು ಮಕ್ಕಳಿಗೆ ಬದಲಿಸಲು ಆಗುವುದಿಲ್ಲ.

ಚಿತ್ರವನ್ನು ಒಂದು ಯಂತ್ರದಲ್ಲಿಟ್ಟು ಉಳಿದವಕ್ಕೆ ನೆಟ್‌ವರ್ಕ್ ವಿಳಾಸ ಕೊಡಬೇಡಿ. ಆ ಯಂತ್ರ ಆಫ್ ಇದ್ದ ದಿನ ಉಳಿದ 19ರಲ್ಲೂ ಕಪ್ಪು ಪರದೆ ಬರಬಹುದು. 20 ಕಡೆಯೂ ಕೈಯಲ್ಲಿ ಮಾಡುವುದು ಬೇಸರವಾದರೆ ಮೈಕ್ರೋಸಾಫ್ಟಿನ ಉಚಿತ 'ಎಲ್‌ಜಿಪಿಒ' ಉಪಕರಣದಿಂದ ಒಂದು ಯಂತ್ರದ ಪಾಲಿಸಿಯನ್ನು ಪೆನ್‌ಡ್ರೈವ್‌ಗೆ ತೆಗೆದು ಉಳಿದವಕ್ಕೆ ಹಾಕಬಹುದು. ಫೈಲಿನ ಹೆಸರು ಎಲ್ಲೆಡೆ ಒಂದೇ ಇದ್ದರೆ ಸಾಕು, ಒಳಗಿನ ಚಿತ್ರ ಬೇರೆಯಿರಬಹುದು. ಹಾಗಾಗಿ ಪ್ರತಿ ಯಂತ್ರದ ಚಿತ್ರದ ಬಲಮೂಲೆಯಲ್ಲಿ ಅದರ ಸಂಖ್ಯೆಯನ್ನು ದೊಡ್ಡದಾಗಿ ಬರೆದಿಡಿ. 'ಸರ್, 14 ಕೆಲಸ ಮಾಡ್ತಿಲ್ಲ' ಎಂದು ಮಕ್ಕಳೇ ಹೇಳುತ್ತಾರೆ.

ಒಂದು ವಿನಂತಿ: ವಾಲ್‌ಪೇಪರ್ ಬದಲಿಸುವುದು ಎಷ್ಟೋ ಮಕ್ಕಳು ಕಂಪ್ಯೂಟರಿನಲ್ಲಿ ತಾವಾಗಿ ಕಲಿಯುವ ಮೊದಲ ಕೆಲಸ. ಒಂದೆರಡು ಯಂತ್ರಗಳನ್ನಾದರೂ ಅದಕ್ಕೆಂದು ಮುಕ್ತವಾಗಿ ಬಿಡಿ.

ಪ್ರಶ್ನೆ: ಫೋಲ್ಡರಿಗೆ ಬೇರೆ ಐಕಾನ್ ಹಾಕಿ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಅವರಲ್ಲಿ ಹಳದಿ ಫೋಲ್ಡರೇ ಕಾಣುತ್ತದೆ.
— ಕಲಬುರಗಿಯ ಓದುಗರು

ಉತ್ತರ: ಐಕಾನ್ ಫೈಲ್ ನಿಮ್ಮ ಸಿ ಡ್ರೈವ್‌ನಲ್ಲೇ ಉಳಿದಿದೆ. '.ಐಕೊ' ಫೈಲನ್ನು ಆ ಫೋಲ್ಡರಿನೊಳಗೇ ಇಟ್ಟು, ಅಲ್ಲಿಂದಲೇ ಮತ್ತೆ ಆರಿಸಿ. ಒಳಗಿರುವ, ಅಡಗಿಸಿಟ್ಟ 'ಡೆಸ್ಕ್‌ಟಾಪ್.ಐಎನ್‌ಐ' ತೆರೆದು 'ಐಕಾನ್‌ರಿಸೋರ್ಸ್' ಸಾಲಿನಲ್ಲಿ ಡ್ರೈವ್ ವಿಳಾಸವಿದ್ದರೆ ಅಳಿಸಿ, ಫೈಲಿನ ಹೆಸರು, ಅಲ್ಪವಿರಾಮ, ಸೊನ್ನೆ ಇಷ್ಟು ಮಾತ್ರ ಉಳಿಸಿ. ಐಕೊ ಫೈಲಿನೊಳಗೆ 16, 32, 48, 256 ಪಿಕ್ಸೆಲ್‌ನ ನಾಲ್ಕೂ ಗಾತ್ರಗಳಿರಲಿ. ದೊಡ್ಡದೊಂದೇ ಇದ್ದರೆ ಪಟ್ಟಿಯಲ್ಲಿ ನೋಡುವಾಗ ಕಲಸಿದಂತಿರುತ್ತದೆ.

ಪ್ರಶ್ನೆ: ಅಪ್ಪನಿಗೆ 72 ವರ್ಷ. ಅಕ್ಷರ ಕಾಣುವುದಿಲ್ಲವೆಂದು ರೆಸಲ್ಯೂಶನ್ ಇಳಿಸಿಕೊಟ್ಟೆ. ದೊಡ್ಡದಾಯಿತು, ಆದರೆ ಕಣ್ಣು ನೋಯುತ್ತದೆ ಎನ್ನುತ್ತಾರೆ.
— ಮೈಸೂರಿನ ಓದುಗರು

ಉತ್ತರ: ರೆಸಲ್ಯೂಶನ್ನನ್ನು ಮೊದಲಿನಂತೆ, 'ರೆಕಮೆಂಡೆಡ್' ಎಂದಿರುವಲ್ಲಿಗೇ ತನ್ನಿ. ಎಲ್‌ಸಿಡಿ ಪರದೆಯ ಚುಕ್ಕಿಗಳು ಸ್ಥಿರ. ಕಡಿಮೆ ರೆಸಲ್ಯೂಶನ್ ಕೊಟ್ಟರೆ ಒಂದು ಚುಕ್ಕಿಯನ್ನು ಒಂದೂವರೆ ಚುಕ್ಕಿಗೆ ಹರಡಬೇಕಾಗಿ ಅಂಚು ಮಬ್ಬಾಗುತ್ತದೆ, ಕಣ್ಣು ಸ್ಪಷ್ಟತೆಗಾಗಿ ಸದಾ ತಡಕುತ್ತದೆ. ಅದರ ಬದಲು ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ 125 ಅಥವಾ 150 ಮಾಡಿ. ಇನ್ನೂ ಬೇಕಿದ್ದರೆ ಆ್ಯಕ್ಸೆಸಿಬಿಲಿಟಿಯ 'ಟೆಕ್ಸ್ಟ್ ಸೈಜ್' 225 ಪ್ರತಿಶತದವರೆಗೆ ಹೋಗುತ್ತದೆ, ಅದು ಅಕ್ಷರಗಳನ್ನು ಮಾತ್ರ ಹಿಗ್ಗಿಸುತ್ತದೆ. ಮೌಸ್ ಬಾಣವನ್ನು ದೊಡ್ಡದು ಮಾಡಿ ಹಳದಿ ಬಣ್ಣ ಕೊಡಿ. ಡೆಸ್ಕ್‌ಟಾಪ್ ಮೇಲೆ ಕಂಟ್ರೋಲ್ ಕೀ ಹಿಡಿದು ಮೌಸ್ ಚಕ್ರ ಉರುಳಿಸಿದರೆ ಐಕಾನ್‌ಗಳು ಹಿಗ್ಗುತ್ತವೆ. ಹಿನ್ನೆಲೆಗೆ ಮೊಮ್ಮಕ್ಕಳ ಫೋಟೊ ಹಾಕುವ ಆಸೆಯಿರುತ್ತದೆ. ಐಕಾನ್ ಹೆಸರುಗಳು ಅದರ ಮೇಲೆ ಕಳೆದುಹೋಗುವುದರಿಂದ ಆ ಫೋಟೊವನ್ನು ಲಾಕ್ ಸ್ಕ್ರೀನಿಗೆ ಹಾಕಿ, ಡೆಸ್ಕ್‌ಟಾಪಿಗೆ ಗಾಢವಾದ ಒಂದೇ ಬಣ್ಣ ಇಡಿ. ಡಾರ್ಕ್ ಮೋಡ್ ಕೆಲವರಿಗೆ ಹಿತ, ಕೆಲವರಿಗೆ ಅಕ್ಷರ ಹರಡಿದಂತೆ ಕಾಣುತ್ತದೆ. ಎರಡನ್ನೂ ತೋರಿಸಿ ಅವರನ್ನೇ ಕೇಳಿ.

ಪ್ರಶ್ನೆ: ಚಲಿಸುವ ವಾಲ್‌ಪೇಪರ್ ಹಾಕಿದರೆ ಲ್ಯಾಪ್‌ಟಾಪ್ ಕೆಡುತ್ತದೆಯೆ?
— ತುಮಕೂರಿನ ಓದುಗರು

ಉತ್ತರ: ಕೆಡುವುದಿಲ್ಲ, ಬ್ಯಾಟರಿ ಬೇಗ ಇಳಿಯುತ್ತದೆ, ಫ್ಯಾನ್ ಹೆಚ್ಚು ತಿರುಗುತ್ತದೆ. ಉಚಿತವಾದ 'ಲೈವ್ಲಿ ವಾಲ್‌ಪೇಪರ್'ನ ಪರ್ಫಾರ್ಮೆನ್ಸ್ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯಲ್ಲಿದ್ದಾಗ ಮತ್ತು ಬೇರೆ ಕಿಟಕಿ ಪೂರ್ತಿ ಪರದೆ ಮುಚ್ಚಿದಾಗ ನಿಲ್ಲುವಂತೆ ಮಾಡಿ. 4ಕೆ ವಿಡಿಯೊ ಬೇಡ, ಪರದೆಯ ಗಾತ್ರದ್ದೇ ಸಾಕು.

ಪ್ರಶ್ನೆ: ಹಂಪಿಯ ಬೇರೆ ಬೇರೆಯವರ ಫೋಟೊಗಳನ್ನು ಸೇರಿಸಿ ಥೀಮ್ ಮಾಡಿ ಎಲ್ಲರಿಗೂ ಉಚಿತವಾಗಿ ಹಂಚಬೇಕೆಂದಿದ್ದೇನೆ. ಜೊತೆಗೆ ಡೆಸ್ಕ್‌ಟಾಪಿನ ಸ್ಕ್ರೀನ್‌ಶಾಟ್ ಹಾಕುವೆ. ಏನಾದರೂ ಅಡ್ಡಿಯಿದೆಯೆ?
— ಹೊಸಪೇಟೆಯ ಓದುಗರು

ಉತ್ತರ: ಉಚಿತವಾಗಿ ಹಂಚುವುದರಿಂದ ಅನುಮತಿ ಬೇಡವೆಂದಾಗುವುದಿಲ್ಲ. ಫೋಟೊದ ಹಕ್ಕು ತೆಗೆದವರದು. ಹುಡುಕಾಟದಲ್ಲಿ ಸಿಕ್ಕದ್ದನ್ನು ಬಿಟ್ಟು ವಿಕಿಮೀಡಿಯ ಕಾಮನ್ಸ್‌ನಿಂದ ಆರಿಸಿ, ಹಂಪಿಯ ಚಿತ್ರಗಳು ಅಲ್ಲಿ ಧಾರಾಳವಾಗಿವೆ, ಪ್ರತಿ ಚಿತ್ರದ ಪುಟದಲ್ಲೂ ಲೈಸೆನ್ಸ್ ಬರೆದಿರುತ್ತದೆ. 'ಸಿಸಿ ಬೈ-ಎಸ್‌ಎ 4.0' (ಕ್ರಿಯೇಟಿವ್ ಕಾಮನ್ಸ್‌ನ ಒಂದು ಲೈಸೆನ್ಸ್) ಇದ್ದರೆ ತೆಗೆದವರ ಹೆಸರು, ಚಿತ್ರದ ಕೊಂಡಿ, ಲೈಸೆನ್ಸ್‌ನ ಹೆಸರು ಮತ್ತು ಕೊಂಡಿ ಕೊಡಬೇಕು. ನೀವು ಕತ್ತರಿಸಿದ್ದರೆ, ಬಣ್ಣ ತಿದ್ದಿದ್ದರೆ ಅದನ್ನು ಹೇಳಿ, ತಿದ್ದಿದ ಚಿತ್ರವನ್ನು ಅದೇ ಲೈಸೆನ್ಸ್‌ನಲ್ಲಿ ಬಿಡಬೇಕು. 'ಸಿಸಿ0' ಆದರೆ ಹೆಸರು ಹೇಳುವುದು ಕಡ್ಡಾಯವಲ್ಲ, ಆದರೂ ಹೇಳಿ. ಥೀಮ್‌ಪ್ಯಾಕ್‌ನೊಳಗೆ ಇದನ್ನೆಲ್ಲ ಬರೆಯಲು ಅನುಕೂಲವಾದ ಜಾಗವಿಲ್ಲ. ಥೀಮ್ ಮತ್ತು ಒಂದು ಬರಹದ ಫೈಲನ್ನು ಸೇರಿಸಿ ಜಿಪ್ ಮಾಡಿ, ಚಿತ್ರಗಳ ಫೈಲ್ ಹೆಸರಲ್ಲೇ ಛಾಯಾಗ್ರಾಹಕರ ಹೆಸರನ್ನೂ ಸೇರಿಸಿ.

ಸ್ಕ್ರೀನ್‌ಶಾಟಿಗೆ ವಿಂಡೋಸ್ ಕೀ ಜೊತೆ 'ಪ್ರಿಂಟ್ ಸ್ಕ್ರೀನ್' ಒತ್ತಿದರೆ ಪಿಕ್ಚರ್ಸ್‌ನ 'ಸ್ಕ್ರೀನ್‌ಶಾಟ್ಸ್' ಫೋಲ್ಡರಿನಲ್ಲಿ ಪಿಎನ್‌ಜಿ ಉಳಿಯುತ್ತದೆ. ಪಿಎನ್‌ಜಿಯಲ್ಲೇ ಹಂಚಿ, ಜೆಪೆಗ್ ಮಾಡಿದರೆ ಅಕ್ಷರಗಳ ಸುತ್ತ ಕೊಳೆಯಂಥ ಕಲೆ ಬರುತ್ತದೆ. ತೆಗೆಯುವ ಮುನ್ನ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್, 'ವ್ಯೂ', ಅಲ್ಲಿ ಐಕಾನ್ ತೋರಿಸುವ ಗುರುತು ತೆಗೆಯಿರಿ, 'ಆಧಾರ್ ಸ್ಕ್ಯಾನ್' ಎಂಬಂಥ ಫೈಲ್ ಹೆಸರುಗಳು ಮರೆಯಾಗುತ್ತವೆ. ನೋಟಿಫಿಕೇಶನ್ ನಿಲ್ಲಿಸಿ, ಬ್ಯಾಂಕಿನ ಸಂದೇಶ ಸರಿಯಾಗಿ ಆ ಕ್ಷಣಕ್ಕೇ ಬಂದುಬಿಡಬಹುದು. ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿ ಇದ್ದರೆ ಅದರಲ್ಲಿ ಬಳಕೆದಾರ ಹೆಸರು, ಯಂತ್ರದ ಹೆಸರು ಕಾಣುತ್ತಿದೆಯೇ ನೋಡಿ.

ಮುಚ್ಚಬೇಕಾದ ಬರಹವಿದ್ದರೆ ಮಸುಕು ಮಾಡಬೇಡಿ, ಮಸುಕಿನಿಂದ ಮೂಲವನ್ನು ಊಹಿಸಿ ತೆಗೆಯುವ ವಿಧಾನಗಳಿವೆ. ಬಣ್ಣ ತುಂಬಿದ ಪೆಟ್ಟಿಗೆಯಿಂದ ಪೂರ್ತಿ ಮುಚ್ಚಿ. 2023ರಲ್ಲಿ ಪತ್ತೆಯಾದ ಒಂದು ದೋಷದಿಂದ, ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿ ಕತ್ತರಿಸಿ ಹಳೆಯ ಫೈಲಿನ ಮೇಲೇ ಉಳಿಸಿದ ಚಿತ್ರದ ಕೊನೆಯಲ್ಲಿ ಕತ್ತರಿಸಿದ ಭಾಗದ ದತ್ತಾಂಶ ಹಾಗೇ ಉಳಿಯುತ್ತಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿದೆ, ಆದರೆ ಆಗ ಉಳಿಸಿದ ಚಿತ್ರಗಳು ಹಾಗೆಯೇ ಇರುತ್ತವೆ. ಆ ಕಾಲದ ಸ್ಕ್ರೀನ್‌ಶಾಟ್‌ಗಳನ್ನು ಥೀಮ್ ಜೊತೆ ಮತ್ತೆ ಬಳಸುವುದಾದರೆ ಹೊಸದಾಗಿ ತೆಗೆದು ಹಾಕಿ.